ಖಾರ ಕಟ್ಟಿದ ಹಾಳೆ

ಖಾರದ ಪೊಟ್ಟಣ ಬಿಚ್ಚುತ್ತಿದ್ದ ಹಂಪವ್ವನ ಬೆರಳುಗಳು ತಟಕ್ಕನೆ ನಿಂತವು. ಪುಡಿಯನ್ನು ಡಬ್ಬಿಗೆ ಸುರುವಿ, ಅಂಟಿಸಿದ್ದ ಮಗ್ಗುಲು ಬಿಡಿಸಿ, ಹಾಳೆಯನ್ನು ತೊಡೆಯ ಮೇಲೆ ಹಾಸಿಕೊಂಡು ಸವರತೊಡಗಿದಳು. ಹುಟ್ಟುಗುರುಡಿ ಮಗಳು ಹೀಗೆ ಸವರಿದಳೆಂದರೆ ಓದುತ್ತಿದ್ದಾಳೆ ಎಂಬುದು ತಾಯಿ ಮುದಕಮ್ಮನಿಗೆ ಗೊತ್ತು.

“ಏನೈತವಾ ಅದರಾಗ?”

“ತುಂಗಭದ್ರಾ ಡ್ಯಾಮ್ ಐತಿ.” ಹಂಪವ್ವ ಆ ಸಾಲನ್ನು ಮತ್ತೊಮ್ಮೆ ಸವರಿದಳು. “ಹತ್ತನೇ ಕ್ಲಾಸಿನ ಭೂಗೋಳ. ಇದು ನನ್ನ ಪುಸ್ತಕ, ಯವ್ವಾ!”

ಆ ಪುಸ್ತಕಕ್ಕಾಗಿಯೇ ದೀಪಾವಳಿಯಿಂದ ಸೋಮವಾರಕ್ಕೊಮ್ಮೆ ತಾಯಿ ಮಗಳು ಕುಕನೂರಿನ ಹೈಸ್ಕೂಲಿಗೆ ಅಲೆದಿದ್ದರು. ದೂರದೂರಿನ ಕುರುಡ ಮಕ್ಕಳ ಶಾಲೆಯಲ್ಲಿ ಏಳನೆಯ ತನಕ ಕಲಿತು ಬಂದವಳು, ಈಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಪಾಸಾದರೆ ಅದೇ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುವ ಕೆಲಸ ಕಾದಿತ್ತು. ಪರೀಕ್ಷೆಗೆ ಉಳಿದದ್ದು ಆರು ವಾರ. ಚುಕ್ಕಿ ಒತ್ತಿದ ಮೂರು ಬ್ರೈಲ್ ಪುಸ್ತಕ ಹೈಸ್ಕೂಲಿನ ವಿಳಾಸಕ್ಕೆ ಕಳಿಸಿದ್ದೇವೆಂದು ಕುರುಡ ಮಕ್ಕಳ ಶಾಲೆಯ ಗುರುಗಳು ಪತ್ರ ಬರೆದಿದ್ದರು. ಹೈಸ್ಕೂಲಿನ ಗುಮಾಸ್ತ ವಿರುಪಣ್ಣ ಮಾತ್ರ ತಲೆ ಎತ್ತದೆ, “ಬಂದಿಲ್ಲ, ಬಂದ್ರ ಹೇಳಿ ಕಳಿಸ್ತೀನಿ” ಅನ್ನುವನು. ಮುದಕಮ್ಮ ಅಷ್ಟಕ್ಕೇ ಕೈಮುಗಿದು, ಹುಲಿಗೆಮ್ಮ ತಾಯಿ ದೊಡ್ಡಾಕಿ ಎಂದುಕೊಂಡು ತಿರುಗಿ ಬರುವಳು.

ಖಾರ ಕಟ್ಟಿಕೊಟ್ಟಿದ್ದ ಅಂಗಡಿಯ ಅಂದಪ್ಪ, ಹೋಗಿ ಕೇಳಿದಾಗ ಏನನ್ನೂ ಮುಚ್ಚಿಡಲಿಲ್ಲ. “ಹೈಸ್ಕೂಲಿನ ರದ್ದಿ, ತಂಗಿ. ಛಲೋ ದಪ್ಪ ಹಾಳಿ, ಒಂದು ಅಕ್ಷರ ಇಲ್ಲ, ಮಸಿ ಇಲ್ಲ. ಎರಡು ತಿಂಗಳಿಂದ ಊರಿಗೆಲ್ಲಾ ಇದರಾಗ ಕಟ್ಟಿ ಕೊಟ್ಟೀನಿ” ಎಂದ. ವಿಷಯ ತಿಳಿದ ಮೇಲೆ ಕೆನ್ನೆ ಬಡಿದುಕೊಂಡು, ಉಳಿದಿದ್ದ ಖಾಲಿ ಪೊಟ್ಟಣಗಳನ್ನು ಹಂಪವ್ವನ ಉಡಿಗೆ ಹಾಕಿದ. ಮೂರು ಪುಸ್ತಕದೊಳಗೆ ಉಳಿದದ್ದು ಒಂಬತ್ತೇ ಹಾಳೆ.

ತಾಯಿ ಮಗಳು ಹೈಸ್ಕೂಲಿಗೆ ಹೋದಾಗ ವಿರುಪಣ್ಣನ ಮೇಜಿನಿಂದ ಹಳೆಯ ಪೇಪರೊಂದು ಜಾರಿ ಅವನ ಪಾದಕ್ಕೆ ತಾಗಿತು. “ಶಿವಶಿವಾ, ತಪ್ಪಾತು ತಾಯಿ ಸರಸ್ವತಿ” ಎನ್ನುತ್ತ ಅವನು ಅದನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ. ಮುದಕಮ್ಮನಿಗೆ ಧೈರ್ಯ ಬಂತು. ಕಾಗದಕ್ಕೆ ಹೆದರುವ ಮನುಷ್ಯ, ಮಾತು ಕೇಳಿಯಾನು.

“ಸಾಹೇಬ್ರ, ಮಗಳ ಪುಸ್ತಕ ರದ್ದಿಗೆ ಹೋಗ್ಯಾವ್ರಿ.”

ಹಂಪವ್ವ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ವಿರುಪಣ್ಣ ಅಡಿಯಿಂದ ಒಂದನ್ನು ಎಳೆದು ಹಿಂದುಮುಂದು ತಿರುವಿ ನೋಡಿದ. “ಇವಾ? ಅಚ್ಚು ಹಾಕೋದು ಮರ್ತು ಬರೇ ಹಾಳಿ ಹೊಲಿದು ಕಳಿಸ್ಯಾರ ಅಂದ್ಕೊಂಡೆ. ಖಾಲಿ ಹಾಳಿ ಕಾಯ್ಕೊಂತ ಕುಂದ್ರಾಕ ನಾನೇನು ಇಲಿ ಹಿಡಿಯೋ ಬೆಕ್ಕನಬೇ?”

“ಕಟ್ಟಿನ ಮ್ಯಾಲೆ ನನ್ನ ಹೆಸರು ಇರಬೇಕಲ್ರಿ?” ಹಂಪವ್ವ ಕೇಳಿದಳು. “ಅದನ್ನರ ಮಸಿಯಾಗ ಬರೆದಿದ್ರಲ್ಲ?”

ವಿರುಪಣ್ಣ ಪೆನ್ನಿನ ಮುಚ್ಚಳ ತಿರುವಿದ. “ಇತ್ತು. ಇದ್ರ ಏನಾತು? ಕುರುಡಿ ಹೆಸರಿಗೆ ಪುಸ್ತಕ ಬರ್ತಾವಂದ್ರ ಯಾರು ನಂಬ್ತಾರ? ಕಣ್ಣಿದ್ದ ಹುಡುಗ್ರೇ ಫೇಲ್ ಆಗಾಕತ್ಯಾರ, ನಿನಗ್ಯಾಕ ಈ ಉಸಾಬರಿ? ದೇವರು ಇಟ್ಟಂಗ ಇರಬೇಕು.”

“ದೇವರು ಬೆರಳೂ ಕೊಟ್ಟಾನ್ರಿ.”

“ನಡೀರಿ, ನಡೀರಿ, ಕೆಲಸ ಐತಿ” ಎನ್ನುತ್ತ ಅವನು ಹಾಳೆಗಳನ್ನು ಆಚೆ ತಳ್ಳಿದ. ಎಲ್ಲಕ್ಕಿಂತ ಮೇಲಿದ್ದದ್ದು, ಮನೆಯಲ್ಲಿ ಬಿಚ್ಚಿದ್ದ ಖಾರದ ಹಾಳೆ, ಜಾರಿ ನೆಲಕ್ಕೆ ಬಿತ್ತು. ವಿರುಪಣ್ಣನ ಚಪ್ಪಲಿ ಅದರ ಮೇಲೆ ಬಂದು ಕೂತಿತು. ಅವನು ನೋಡಿದ. ಕಾಲು ತೆಗೆಯಲಿಲ್ಲ. ಶಿವಶಿವಾ ಎನ್ನಲೂ ಇಲ್ಲ.

ಮುದಕಮ್ಮನಿಗೆ ಅಕ್ಷರವೆಂದರೆ ಅಕ್ಷರ, ಅಷ್ಟೇ. ಇರುವೆ ಸಾಲಿನಂಥ ಕರಿ ಅಕ್ಷರವನ್ನೂ ಅವಳು ಓದಲಾರಳು, ಸಜ್ಜೆ ರೊಟ್ಟಿಯ ಮೇಲಿನ ಎಳ್ಳಿನಂಥ ಈ ಚುಕ್ಕಿಯನ್ನೂ ಓದಲಾರಳು. ಅದಕ್ಕೇ ಎರಡಕ್ಕೂ ಒಂದೇ ಸಮ ಕೈಮುಗಿಯುವಳು. ಈ ಹೊತ್ತು ಮಾತ್ರ ಅವಳು ಕೈ ಮುಗಿಯಲಿಲ್ಲ.

“ಕಾಲು ಎತ್ರಿ” ಎಂದಳು.

ಆ ದನಿಗೆ ವಿರುಪಣ್ಣನ ಕಾಲು ತಾನಾಗಿ ಮೇಲೆದ್ದಿತು. ಮುದಕಮ್ಮ ಬಗ್ಗಿ, ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ, ಅವನ ಮುಖದ ಎದುರಿಗೆ ಹಿಡಿದಳು.

“ಇದೂ ಸರಸ್ವತಿನೇ ಐತಿ. ಕಣ್ಣಿಗೆ ಒತ್ಕೊಳ್ರಿ.”

ವಿರುಪಣ್ಣ ನೋಡಿದ. ಒಂದೊಂದು ಚುಕ್ಕಿಯ ಕುಳಿಯಲ್ಲೂ ಖಾರ ಕೂತು, ಖಾಲಿ ಹಾಳೆಯ ಅಕ್ಷರಗಳೆಲ್ಲ ಕಣ್ಣಿದ್ದವರಿಗೂ ಕಾಣುವಂತೆ ಕೆಂಪಗೆ ಎದ್ದು ನಿಂತಿದ್ದವು.