ಗೊಂಡೇಶ್ವರದ ಕಾಗೆಗಳು

ಕಾಗೆಗಳು ಪ್ರಮಿಳೆಯ ತಲೆಯ ಮೇಲೆಯೇ ಸುತ್ತುತ್ತಿದ್ದವು.

"ನೋಡ್ರಿ, ಅಕೀನ್ನ ಸುತ್ತಾಕತ್ತಾವ," ಹೆಂಗಸರ ಗುಂಪಿನಲ್ಲಿ ಯಾರೋ ಪಿಸುಗುಟ್ಟಿದರು. "ಗಂಡಗ ಏನ್ ಮಾಡಿದ್ಲೋ ಏನೋ!"

ಸಿನ್ನರದ ಗೊಂಡೇಶ್ವರ ಗುಡಿಯ ಹಿಂದೆ, ಹಳ್ಳದ ದಂಡೆಯಲ್ಲಿ, ದಿನಕರ ಲೋಂಢೆಯ ಹತ್ತನೆಯ ದಿನದ ಪಿಂಡ ಬಿಸಿಲಿಗೆ ಒಣಗುತ್ತಿತ್ತು. ಪಕ್ಕದಲ್ಲಿ ಅವನ ಪ್ರೀತಿಯ ಚಹಾ, ಒಂದು ಕಟ್ಟು ಬೀಡಿ. ಯಾದವರ ಕಾಲದ ಶಿಖರದಿಂದ ಕಾಗೆಗಳು ಏಳುತ್ತಿದ್ದವು, ಕಿರುಚುತ್ತಿದ್ದವು, ಪಿಂಡ ಮುಟ್ಟದೆ ಮರಳುತ್ತಿದ್ದವು. ಅಂಥ ಕಿರುಚಾಟವನ್ನು ಊರು ಕೇಳಿರಲಿಲ್ಲ. ಗುಡಿಯ ಗೋಡೆಯ ಮೂಗು ಸವೆದ ಅಪ್ಸರೆಯರೂ ಕಿವಿ ನಿಮಿರಿಸಿದಂತಿತ್ತು.

ಕಾಗೆ ಮುಟ್ಟಲಿಲ್ಲವೆಂದರೆ ಸತ್ತವನಿಗೆ ಏನೋ ಆಸೆ ಉಳಿದಿದೆ. ಅದನ್ನು ನಡೆಸುತ್ತೇನೆಂದು ಮಾತು ಕೊಡಬೇಕು. ದಿನಕರನ ಅಣ್ಣ ವಾಮನರಾವ್ ಕೈಮುಗಿದು ಮುಂದೆ ಬಂದ. ನಗರಸಭೆ ಚುನಾವಣೆಗೆ ನಿಲ್ಲುವ ಆಸಾಮಿ. ಜೀವಮಾನವೆಲ್ಲ ಕಾಗೆ ಹಾರಿಸಿದವನು; ಇಳಿಸುವ ಕೆಲಸ ಇದೇ ಮೊದಲು.

"ದಿನ್ಯಾ, ತಮ್ಮಾ, ನಿನ್ನ ಹೆಸರಲೆ ಗುಡಿ ಮುಂದ ಅರವಟ್ಟಿಗಿ ಇಡಸ್ತೇನಿ!"

ಕಾ.

"ಬಸ್ ಸ್ಟ್ಯಾಂಡಿಗೆ ನಿನ್ನ ಹೆಸರು!"

ಕಾ, ಕಾ.

ಪ್ರಣಾಳಿಕೆ ಬೆಳೆಯಿತು. ಕಾಗೆಗಳು ಮತ ಹಾಕಲಿಲ್ಲ.

ಪ್ರಮಿಳೆ ಅಲುಗದೆ ನಿಂತಿದ್ದಳು. ಗಂಡನ ಹಳೇ ಕರಿ ಕೊಡೆ ಅವಳ ಕೈಯಿಂದ ತಲೆಕೆಳಗಾಗಿ ಜೋತಾಡುತ್ತಿತ್ತು. ಹರಿದ ಬಟ್ಟೆ ಗಾಳಿಗೆ ಪಟಪಟ. ಸೂತಕ ಕಳೆದ ಕೂಡಲೇ ಅವಳು ಮನೆಯ ಮೇಲಿನ ಖೋಲಿ ಬಿಡಬೇಕೆಂದು ವಾಮನರಾವ್ ಆಗಲೇ ಹೇಳಿದ್ದ. ಅಲ್ಲಿ ಅವನ ಚುನಾವಣಾ ಕಚೇರಿ ಆಗಬೇಕಿತ್ತು. ಅವಳಿಗೆ ತವರಿರಲಿಲ್ಲ. ಇದ್ದದ್ದು ಆ ಖೋಲಿ, ಅದರ ಮೇಲಿನ ಮಾಳಿಗೆ, ಮಾಳಿಗೆಯಲ್ಲಿ ಒಣಗಿಸಿ ಮಾರುವ ಉದ್ದಿನ ಹಪ್ಪಳ.

"ನಿನ್ನ ಕಂಡ್ರ ಕಾಗೀಗೂ ಆಗಂಗಿಲ್ಲ ನೋಡು," ಎಂದಳು ವಾಮನರಾವ್‌ನ ಹೆಂಡತಿ ಮಂದಾಕಿನಿ. "ಮಾಳಗಿ ತುಂಬಾ ಹಪ್ಪಳ ಹರವಿರ್ತಿ. ಒಂದರ ಕಾಗಿ ಅಲ್ಲಿ ಕುಂತದ್ದು ನಾ ಕಂಡಿಲ್ಲ."

"ಖರೇ ಅಕ್ಕಾ."

"ಬಿಸಿಲಾಗ ನಿಂತೀ. ಆ ಕೊಡೀನರ ಬಿಚ್ಚು."

"ಬಿಚ್ಚಿದ್ರ ಹರೀತೈತಿ. ಹಿಂಗ ಹಿಡಕೊಂಡ್ರ ಅವರೇ ಜೋಡಿ ಇದ್ದಂಗ."

ಮಂದಾಕಿನಿ ತನ್ನ ಸೆರಗನ್ನೇ ತಲೆಗೆಳೆದುಕೊಂಡಳು.

ಪಿಂಡ ಇಡಿಸಿದ ಗುರೂಜಿ ಬೆವರು ಒರೆಸಿಕೊಂಡರು. "ದರ್ಭೆ ಕಾಗಿ ಮಾಡಿ ಮುಟ್ಟಿಸಿ ಮುಗಸೂಣೇನ್ರಿ?"

"ಹುಲ್ಲಿನ ಕಾಗಿ?" ಗುಂಪಿನಲ್ಲಿ ಒಬ್ಬ ನಕ್ಕ. "ಸ್ವಂತ ತಮ್ಮನ್ನ ಒಪ್ಪಸಲಾರದಂವ ನಮ್ಮನ್ನ ಹೆಂಗ ಒಪ್ಪಸ್ತಾನೋ!"

ವಾಮನರಾವ್ ಬಿಳಿಚಿಕೊಂಡ. ನಗೆಗಲ್ಲ. ಆಸ್ಪತ್ರೆಯಲ್ಲಿ ದಿನಕರ ಅವನ ಕೈ ಹಿಡಿದು, "ಅಣ್ಣಾ, ಪ್ರಮಿಳಾನ್ನ..." ಎಂದಿದ್ದ. ಮಾತು ಮುಗಿಯುವ ಮೊದಲೇ ಇವನು ಕೈ ಬಿಡಿಸಿಕೊಂಡಿದ್ದ. ಅದನ್ನು ಕಂಡವರು ಯಾರೂ ಇರಲಿಲ್ಲ. ಈಗ ಶಿಖರದ ತುಂಬ ಕೂತವರಿಗೆಲ್ಲ ಅದು ಗೊತ್ತಿದ್ದಂತಿತ್ತು. ಕಿರುಚಾಟದಲ್ಲಿ ಅವನಿಗೆ ಅದೇ ಅರ್ಧ ಮಾತು ಕೇಳತೊಡಗಿತು. ಒಂದು ಕಾಗೆ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹಾಯ್ದದ್ದೇ ತಡ, ಅವನು ಮೊಣಕಾಲೂರಿದ.

"ಆತೋ ತಮ್ಮಾ! ಮ್ಯಾಲಿನ ಖೋಲಿ, ಮಾಳಗಿ, ಎಲ್ಲಾ ಪ್ರಮಿಳಾಂದು. ಅಕಿ ಹೆಸರಿಗೇ ಬರದು ಕೊಡ್ತೇನಿ. ಗೊಂಡೇಶ್ವರನ ಆಣಿ! ಇಷ್ಟು ಮಂದಿ ಸಾಕ್ಷಿ!"

ಪ್ರಮಿಳೆ ಬಿಕ್ಕಿ ಅತ್ತು ಕುಸಿದು ಕೂತಳು. ಕೊಡೆಯನ್ನು ಮಡಿಲಿಗೆಳೆದುಕೊಂಡು ಅದರ ಮೇಲೆ ಸೆರಗು ಮುಚ್ಚಿದಳು.

ಕಿರುಚಾಟ ನಿಂತಿತು. ಶಿಖರದಿಂದ ಒಂದು ಕಾಗೆ ಇಳಿದು, ಕುಂಟುತ್ತ ಬಂದು, ಪಿಂಡಕ್ಕೆ ಕೊಕ್ಕು ಹಾಕಿತು. ದಿನಕರನೂ ಹೀಗೇ ಕುಂಟುತ್ತಿದ್ದನೆಂದು ಜನ ನಡುಗಿದರು. ಕಾಗೆಗಳೆಲ್ಲ ಹೀಗೇ ನಡೆಯುತ್ತವೆಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಸೂತಕ ಕಳೆಯಿತು. ಕಾಗದಕ್ಕೆ ಸಹಿಯೂ ಬಿತ್ತು. ಪ್ರಮಿಳೆ ತನ್ನ ಮಾಳಿಗೆಯ ಮೇಲೆ ಹಪ್ಪಳ ಹರವಿದಳು.

ನಂತರ, ದಿನಕರನೇ ಹಿಂದೆ ನೆಟ್ಟುಕೊಟ್ಟಿದ್ದ ಬಿದಿರಿನ ಗಳಕ್ಕೆ ಹರಿದ ಕರಿ ಕೊಡೆಯನ್ನು, ಎಂದಿನಂತೆ, ಸತ್ತ ಕಾಗೆಯ ಹಾಗೆ ತಲೆಕೆಳಗಾಗಿ ತೂಗುಹಾಕಿದಳು. ಗೊಂಡೇಶ್ವರದ ಕಾಗೆಗಳು ಕಿರುಚುತ್ತ ಮೇಲೆಯೇ ಸುತ್ತಿದವು, ಒಂದೂ ಇಳಿಯಲಿಲ್ಲ.