ಕಪಾಟಿನಲ್ಲಿ ಐದು ಆಮ್ಲ

ಅಡುಗೆಮನೆಯ ಕಪಾಟು ತೆರೆದ ಡೆಬ್ರಾ ಅದನ್ನು ಮುಚ್ಚಲಿಲ್ಲ. ಹಿಮ್ಮುಖವಾಗಿ ನಡೆಯುತ್ತ ಹಜಾರ ದಾಟಿ, ಮೆಟ್ಟಿಲಿಳಿದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಫೋನ್ ತೆಗೆದಳು. ಆರು ತಿಂಗಳಿಗೊಮ್ಮೆ ಬಾಡಿಗೆ ಮನೆಗಳ ತಪಾಸಣೆ ಮಾಡುವ ಏಜೆಂಟ್ ಅವಳು. ಕ್ವೇಕರ್ಸ್ ಹಿಲ್‌ನ ಈ ಮನೆಯಲ್ಲಿ ಕಾರ್ಪೆಟ್ಟಿನ ಮೇಲಿನ ಅರಿಸಿನದ ಕಲೆಗಿಂತ ದೊಡ್ಡದೇನೂ ಅವಳಿಗೆ ಇದುವರೆಗೆ ಸಿಕ್ಕಿರಲಿಲ್ಲ. ಇವತ್ತು ಐದು ಶೀಶೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಕೆಂಪು ಅಂಚಿನ ಚೀಟಿ, ದುಂಡನೆಯ ಇಂಗ್ಲಿಷ್ ಅಕ್ಷರ: ಟಾರ್ಟಾರಿಕ್ ಆಸಿಡ್, ಆಕ್ಸಾಲಿಕ್ ಆಸಿಡ್, ಸಿಟ್ರಿಕ್, ಅಸಿಟಿಕ್, ಲ್ಯಾಕ್ಟಿಕ್.

ಹುಣಸೆ ರಸಕ್ಕೆ ಟಾರ್ಟಾರಿಕ್ ಎಂದೂ ಬಿಂಬುಳಿ ಉಪ್ಪಿನಕಾಯಿಗೆ ಆಕ್ಸಾಲಿಕ್ ಎಂದೂ ಚೀಟಿ ಅಂಟಿಸಿದವಳು ಆ ಮನೆಯಲ್ಲಿ ಬಾಡಿಗೆಗಿದ್ದ ಪ್ರಫುಲ್ಲಾ. ಉಡುಪಿಯ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿದವಳಿಗೆ ಹೆಸರಿಲ್ಲದ ಶೀಶೆ ಕಂಡರೆ ನಿದ್ದೆ ಬರುತ್ತಿರಲಿಲ್ಲ. ಬಂಗುಡೆ ಮೀನಿಗೆ ಯಾವ ಹುಳಿ, ಬೂತಾಯಿಗೆ ಯಾವ ಹುಳಿ ಎಂಬುದೂ ಅವಳಿಗೆ ಆಮ್ಲದ ಹೆಸರಿನಲ್ಲೇ ನೆನಪಿರುತ್ತಿತ್ತು. ಗಂಡ ಪ್ರೇಮನಾಥ ಊಟಕ್ಕೆ ಕೂತು ಆಕ್ಸಾಲಿಕ್ ಸ್ವಲ್ಪ ಈ ಕಡೆ ತಳ್ಳು ಎನ್ನುವುದೂ ಆ ಮನೆಯಲ್ಲಿ ಸಹಜವಾಗಿ ಹೋಗಿತ್ತು.

ಡೆಬ್ರಾಳ ಫೋನಿಗೆ ಹತ್ತು ನಿಮಿಷದಲ್ಲಿ ಅಗ್ನಿಶಾಮಕ ದಳದ ಎರಡು ಕೆಂಪು ಲಾರಿಗಳು ಬಂದವು. ಟಪಾಲು ಡಬ್ಬಿಯಿಂದ ಪಕ್ಕದ ಮನೆಯ ಬೇಲಿಯವರೆಗೆ ಹಳದಿ ಪಟ್ಟಿ ಕಟ್ಟಿದರು. ಎದುರು ಮನೆಯವರು ಮಡಚುವ ಕುರ್ಚಿ ತಂದು ಹಾಕಿಕೊಂಡರು. ಬಿಳಿಯ ಉಡುಪಿನಲ್ಲಿ ಮುಖವೂ ಕಾಣದಂತೆ ಮುಚ್ಚಿಕೊಂಡಿದ್ದ ಒಬ್ಬ ಒಳಗೆ ಹೋದ. ಹೆಲ್ಮೆಟ್ ಧರಿಸಿದ ಹಿರಿಯ ಅಧಿಕಾರಿ ನೋಟ್ ಪುಸ್ತಕ ಹಿಡಿದು, ಮನೆಯಿಂದ ಹೊರಗೆ ಕಳಿಸಿದ್ದ ಪ್ರಫುಲ್ಲಾಳ ಮುಂದೆ ಬಂದು ನಿಂತ.

"ಒಳಗಿರುವುದು ನಿಜಕ್ಕೂ ಆಸಿಡ್ಡೇ, ಮೇಡಂ?"

"ಹೌದು, ಐದೂ."

"ಎಂಥ ಆಸಿಡ್? ಅವುಗಳ ಗುಣವೇನು?"

ಉಪ್ಪಿನಕಾಯಿ ಎಂಬ ಒಂದು ಮಾತು ಸಾಕಿತ್ತು. ಅದು ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಈ ದೇಶಕ್ಕೆ ಬಂದ ಆರು ವರ್ಷಗಳಲ್ಲಿ ಜನ ಅವಳನ್ನು ಕೇಳಿದ್ದು ದೋಸೆಗೆ ಯಾವ ಅಕ್ಕಿ, ಮಗಳು ಯಾವ ಸ್ಕೂಲು, ಯಜಮಾನರಿಗೆ ಇಲ್ಲೇ ನೆಲೆಸುವ ಪಿಆರ್ ಸಿಕ್ಕಿತೇ, ಇಷ್ಟೇ. ಆಮ್ಲಗಳ ಗುಣವೇನು ಎಂದು ಒಬ್ಬರೂ ಕೇಳಿರಲಿಲ್ಲ. ಪ್ರಫುಲ್ಲಾ ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಸರಿಪಡಿಸಿಕೊಂಡಂತೆ ಮಾಡಿ ಶುರುಮಾಡಿದಳು.

ಖನಿಜ ಆಮ್ಲ ಬೇರೆ, ಸಾವಯವ ಆಮ್ಲ ಬೇರೆ ಎಂದಳು. ಗಂಧಕಾಮ್ಲ ಸಕ್ಕರೆಯನ್ನು ಹೇಗೆ ಕರಿ ಇದ್ದಲು ಮಾಡುತ್ತದೆಂದು ಕೈಯಲ್ಲೇ ತೋರಿಸಿದಳು. ಪ್ರಬಲ ಆಮ್ಲ ನೀರಿಗೆ ಬಿದ್ದೊಡನೆ ತನ್ನ ಜಲಜನಕವನ್ನೆಲ್ಲ ಬಿಟ್ಟುಕೊಟ್ಟುಬಿಡುತ್ತದೆ, ದುರ್ಬಲ ಆಮ್ಲ ಚೂರುಪಾರು ಕೊಟ್ಟು ಉಳಿದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಅದನ್ನು ಜನ ಲೆಕ್ಕಕ್ಕಿಡುವುದಿಲ್ಲ ಎಂದಳು. ಆಕ್ಸಾಲಿಕ್ ತುಕ್ಕು ತೆಗೆಯುತ್ತದೆ, ಹೆಚ್ಚಾದರೆ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಅಧಿಕಾರಿ ಬರೆದುಕೊಳ್ಳುತ್ತಲೇ ಇದ್ದ. ಇಬ್ಬರು ಅಗ್ನಿಶಾಮಕರು ಹೆಲ್ಮೆಟ್ ತೆಗೆದು ಹುಲ್ಲಿನ ಮೇಲೆ ಕೂತರು. ಹಿಂದಿನವರಿಗೆ ಕೇಳಿಸುತ್ತಿದೆಯೇ ಎಂದು ಅವಳು ಕುರ್ಚಿಯವರನ್ನು ವಿಚಾರಿಸಿದಳು. ಅಷ್ಟರಲ್ಲಿ ಒಳಗೆ ಹೋದವನು ಒಂದು ಕೈಯಲ್ಲಿ ಆಕ್ಸಾಲಿಕ್ ಶೀಶೆ, ಇನ್ನೊಂದರಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಹಿಡಿದು ಓಡಿಬಂದ. ಪಟ್ಟಿ ಕೆಂಪಾಗಿತ್ತು. ಎಲ್ಲರೂ ಎದ್ದು ನಿಂತರು. ಕೆಂಪಾಗಲೇಬೇಕು, ಕೂತುಕೊಳ್ಳಿ ಎಂದಳು. ಕೂತರು.

ನಾರ್ವೆಸ್ಟ್‌ನ ಆಫೀಸಿನಿಂದ ಪ್ರೇಮನಾಥ ಬಂದಾಗ ಪಾಠ ಸಿಟ್ರಿಕ್‌ವರೆಗೆ ಬಂದಿತ್ತು. ಅವನು ಹಳದಿ ಪಟ್ಟಿಯ ಕೆಳಗೆ ನುಸುಳಿ ನೇರ ಅಧಿಕಾರಿಯ ಬಳಿ ಹೋದ.

"ಸರ್, ಅದು ಪಿಕಲ್. ಬರೀ ಪಿಕಲ್. ಇವಳು ಹೌಸ್‌ವೈಫ್ ಸರ್, ಇವಳಿಗೆ ಕೆಮಿಸ್ಟ್ರಿ ಎಲ್ಲ ಎಂತದೂ ಗೊತ್ತಿಲ್ಲ."

ಅಧಿಕಾರಿಯ ಪೆನ್ನು ನಿಂತಿತು. ಒಳಗೆ ಹೋಗಿದ್ದವನು ಮುಖದ ಮುಚ್ಚಳ ತೆಗೆದು ಆಕ್ಸಾಲಿಕ್ ಶೀಶೆಯಿಂದ ಒಂದು ಹೋಳು ಬಾಯಿಗಿಟ್ಟು, ಒಂದು ಕಣ್ಣು ಮುಚ್ಚಿ ತಲೆಯಾಡಿಸಿದ. ಎದುರು ಮನೆಯವರು ಕುರ್ಚಿ ಮಡಚಿದರು. ಲಾರಿಗಳು ಹೊರಟ ಮೇಲೆ ಡೆಬ್ರಾ ರಸ್ತೆ ದಾಟಿ ಬಂದಳು. ತಪಾಸಣೆಯ ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಆಗಲೇ ಹತ್ತು ಸಾಲು ಬರೆದಿದ್ದಳು. ಅದಕ್ಕೆ ಸಹಿ ಬೇಕು, ಇಲ್ಲದಿದ್ದರೆ ಎರಡು ವಾರದಲ್ಲಿ ಮನೆ ಖಾಲಿ ಮಾಡಬೇಕು ಎಂದಳು. ಪ್ರೇಮನಾಥ ಓದದೆಯೇ ಸಹಿ ಹಾಕಿ ಹೆಂಡತಿಯ ಕೈಗೆ ಕೊಟ್ಟ.

ಪ್ರಫುಲ್ಲಾ ಓದಿದಳು. ನಾನು ಗೃಹಿಣಿ, ನನಗೆ ರಸಾಯನಶಾಸ್ತ್ರದ ಜ್ಞಾನವಿಲ್ಲ. ಶೀಶೆಗಳಲ್ಲಿರುವುದು ಆಹಾರ, ಅದರಲ್ಲಿ ಯಾವ ಆಮ್ಲವೂ ಇಲ್ಲ. ಆಮ್ಲಗಳೆಲ್ಲ ವಿಷವೆಂದು ನನಗೆ ತಿಳಿಹೇಳಲಾಗಿದೆ.

"ಸೈನ್ ಮಾಡು ಮಾರಾಯ್ತಿ," ಎಂದ ಪ್ರೇಮನಾಥ ಮೆಲ್ಲಗೆ. "ಒಂದು ಸೈನ್ ಅಷ್ಟೇ ಅಲ್ವಾ? ಲೀಸ್ ಹೋದ್ರೆ ನಿರೀಕ್ಷಾಳ ಸ್ಕೂಲೂ ಹೋಗ್ತದೆ."

ಮಗಳ ಹೆಸರು ಕೇಳಿ ಅವಳ ಕೈ ಹಾಳೆಯ ಕೆಳತುದಿಗೆ ಇಳಿಯಿತು. ಪೆನ್ನು ಊರಿದ್ದೂ ಆಯಿತು. ಆದರೆ ಅದು ಮೇಲೆದ್ದು, ಮೊದಲ ಸಾಲಿಗೆ ಹೋಗಿ, ಒಂದು ಗೆರೆ ಎಳೆಯಿತು. ಮೂರನೆಯದಕ್ಕೆ ಇನ್ನೊಂದು. ನಾಲ್ಕನೆಯದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹೀಗೇ ಹತ್ತನೆಯ ಸಾಲಿನವರೆಗೆ. ಪ್ರೇಮನಾಥ ಕಣ್ಣು ಮುಚ್ಚಿಕೊಂಡ. ಕೊನೆಗೆ ಅವಳು ಅಂಚಿನಲ್ಲಿ ಹತ್ತಕ್ಕೆ ಎರಡು ಎಂದು ಬರೆದು, ಸುತ್ತ ವೃತ್ತ ಹಾಕಿ, ಕೆಳಗೆ ಪ್ರಫುಲ್ಲಾ, ಎಂಎಸ್ಸಿ ಎಂದು ಸಹಿ ಮಾಡಿ ಹಲಗೆಯನ್ನು ಹಿಂತಿರುಗಿಸಿದಳು.

ಡೆಬ್ರಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಕಿವಿ ಕೆಂಪಾಯಿತು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದು, ಪ್ರೇಮನಾಥನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಪಾಸಾಗಲು ಎಷ್ಟು ಬೇಕು?"