ಎರಡು ಪದದ ವಿದ್ಯೆ

ಯುಗಾದಿ ಕಳೆದ ಬಿಸಿಲುಗಾಲ, ಮೊದಲ ಬಸ್ಸಿನ ಹೊತ್ತು. ಅಪ್ಪ ಊರು ಬಿಟ್ಟಾಗ ನನಗೆ ಆರು ವರ್ಷ. ನಮ್ಮ ಕಡೆ ಹೊರಡುವಾಗ 'ಬರ್ತೀನಿ' ಅಂದವರನ್ನು ಅವರ ಕಾಲುಗಳೇ ಒಂದು ದಿನ ಮನೆಗೆ ಕರೆತರುತ್ತವೆ. 'ಹೋಗ್ತೀನಿ' ಅಂದವರು ಬೇಕೆಂದರೂ ತಿರುಗಿ ಬರಲಾರರು. ಅಪ್ಪ ಹೊರಟಾಗ ನಾನು ನಿದ್ದೆಯಲ್ಲಿದ್ದೆ. ಎದ್ದು ಕೇಳಿದಾಗ, "ಬರ್ತೀನಿ ಅಂದಾನ," ಅಂದಳು ಅಕ್ಕ ನೀಲವ್ವ.

ಸರಿ, ಬಸ್ ನಿಲ್ದಾಣದಲ್ಲಿ ಕಾಯುತ್ತ ಕೂತೆ. ಶಾಲೆ ತಪ್ಪಿತು. ಕೂತವನಿಗೆ ಅಲ್ಲೇ ಟಿಕೇಟು ಕೊಡುವ ಕಿಟಕಿಯಲ್ಲಿ ಕೆಲಸವೂ ಸಿಕ್ಕಿತು: ಪ್ರಯಾಣಿಕರು ಮನೆಯಲ್ಲಿ ಹೇಳಿಬಂದ ಪದವನ್ನು ಟಿಕೇಟಿನ ಮೇಲೆ ಬರೆಯುವುದು. ನನಗೆ ಬರೆಯಲು ಬರುವುದು ಆ ಎರಡೇ ಪದ. ಹೆಣ್ಣು ನೋಡಲೂ ಊರು ಬಿಡಲಿಲ್ಲ. ಅಷ್ಟರಲ್ಲಿ ಅಪ್ಪ ಬಂದುಬಿಟ್ಟರೆ? ಹೆಣ್ಣೇ ಬಂದು ನನ್ನನ್ನು ನೋಡಿದಳು. ಆಮೇಲೆ ಇದೇ ಕಿಟಕಿಯಲ್ಲಿ 'ಹೋಗ್ತೀನಿ' ಅಂತ ಬರೆಸಿಕೊಂಡಳು. ಅಕ್ಷರ ಚೆನ್ನಾಗಿದೆ ಅಂದಳು.

ಮೊನ್ನೆ ಅಕ್ಕ ಊರು ಬಿಟ್ಟು ಮಗಳ ಮನೆ ಸೇರಲು ಗಂಟು ಸಮೇತ ಕಿಟಕಿಗೆ ಬಂದಳು.

"ಅಪ್ಪ 'ಹೋಗ್ತೀನಿ' ಅಂದಿದ್ದ, ತಮ್ಮಾ. ನೀ ಅಳ್ತಿ ಅಂತ ಸುಳ್ಳು ಹೇಳಿದ್ದೆ."

"ಅರವತ್ತು ವರ್ಷ ಆತಲ್ಲ ಅಕ್ಕಾ!"

"ಮಧ್ಯಾಹ್ನದ ತನಕ ಸುಮ್ಮನಿರ್ಲಿ ಅಂತ ನಾ ಹೇಳಿದ್ನಪಾ. ನೀ ಮುದುಕ ಆಗೋತನಕ ಕೂಡ್ತಿ ಅಂತ ಯಾರಿಗೆ ಗೊತ್ತಿತ್ತು? ಏಳು, ನನ್ನ ಜೋಡಿ ಬಾ."

ನಗು ಬಂತು, ಕಣ್ಣೀರೂ ಬಂತು. ನನಗೂ ಒಂದು ಟಿಕೇಟು ಹರಿದೆ. ಆದರೆ ಯಾವ ಪದ ಬರೆಯಬೇಕಾದರೂ ಅದನ್ನು ಮನೆಯಲ್ಲಿ ಯಾರಿಗಾದರೂ ಹೇಳಿ ಬಂದಿರಬೇಕು. ನನಗೆ ಅಂಥವರು ಯಾರಿದ್ದರು? ಪದದ ಜಾಗ ಖಾಲಿ ಬಿಟ್ಟೆ. ಅಕ್ಕನ ಗಂಟು ಹೊತ್ತು ನಾನೂ ಹೊರಟೆ.